ಕಿವಿಯ ಹತ್ತಿರ ಕಾಯಿ ಅಲ್ಲಾಡಿಸುವ ಮನುಷ್ಯ

ಆ ಊರಿನ ಹೆಸರು ಬರೆಯುವುದಿಲ್ಲ. ಹೊನ್ನಾವರದಿಂದ ಮುಂದೆ, ಹೆದ್ದಾರಿ ಬಿಟ್ಟು ಕಡಲಿನ ಕಡೆ ಒಳಗೆ ಹೋದರೆ ಸಿಗುವ ಸಣ್ಣ ಊರು ಎಂದು ತಿಳಿದರೆ ಸಾಕು. ಒಂದು ಬಸ್ ಸ್ಟ್ಯಾಂಡು, ಒಂದು ಮೀನು ಮಾರ್ಕೆಟ್ಟು, ಎರಡು ಮೂರು ಲಾಡ್ಜು, ಎತ್ತ ತಿರುಗಿದರೂ ತೆಂಗಿನ ಮರ. ನಾನೂ ನನ್ನ ಅಕ್ಕನೂ ಅಲ್ಲಿಗೆ ಪ್ರವಾಸ ಹೋಗಿದ್ದೆವು. ಮನೆಯಲ್ಲಿ ಹಾಗೆಂದೇ ಹೇಳಿ ಹೊರಟಿದ್ದೆವು. ನಿಜವಾಗಿ ನಾವು ಹೋಗಿದ್ದು ಅಕ್ಕನ ಗಂಡನನ್ನು ಹುಡುಕುವುದಕ್ಕೆ.

ಭಾವ ಮನೆ ಬಿಟ್ಟು ಹೋಗಿ ಆಗಲೇ ಏಳೆಂಟು ವರ್ಷವಾಗಿತ್ತು. ಅವರದು ಗುಬ್ಬಿ ಹತ್ತಿರದ ಹಳ್ಳಿ. ತೆಂಗಿನ ತೋಟ, ಮನೆಗೆ ಸಾಕಾಗುವಷ್ಟು ರಾಗಿ ಹೊಲ, ಕೊಬ್ಬರಿ ಮಾಡುವ ಮನೆತನ. ಸಾಲ ಇರಲಿಲ್ಲ, ಕುಡಿತ ಇರಲಿಲ್ಲ, ಅಕ್ಕನ ಮೇಲೆ ಒಂದು ದಿನವೂ ಕೈ ಎತ್ತಿದವರಲ್ಲ. ಒಂದು ಬೆಳಿಗ್ಗೆ ಉಪ್ಪಿಟ್ಟು ತಿಂದು, ತಟ್ಟೆಯಲ್ಲೇ ಕೈ ತೊಳೆದು, ತುಮಕೂರಿಗೆ ಹೋಗಿ ಬರ್ತೀನಿ ಎಂದು ಹೋದವರು ಹೋದರು. ಬೈಕು ಗುಬ್ಬಿ ರೈಲ್ವೆ ಸ್ಟೇಷನ್ನಿನ ಹತ್ತಿರ ಬೀಗದ ಕೈ ಸಮೇತ ಸಿಕ್ಕಿತು. ಏನಾದರೂ ಕಾರಣ ಇದ್ದಿದ್ದರೆ ಬೈಯುವುದಕ್ಕಾದರೂ ಒಂದು ದಾರಿ ಇರುತ್ತಿತ್ತು. ಆ ಮನುಷ್ಯ ಅದನ್ನೂ ಉಳಿಸಿ ಹೋಗಲಿಲ್ಲ.

ಹುಡುಕಿದೆವು. ಪೊಲೀಸ್ ಕಂಪ್ಲೇಂಟು ಕೊಟ್ಟೆವು. ವಸಂತನರಸಾಪುರದ ಫ್ಯಾಕ್ಟರಿ ಗೇಟುಗಳಲ್ಲಿ ಫೋಟೋ ಹಿಡಿದು ನಿಂತೆವು. ಬಿದರೆಹಳ್ಳಿ ಕಾವಲ್ ಕಡೆ ಕಟ್ಟಡ ಕೆಲಸದವರ ಶೆಡ್ಡುಗಳಿಗೆ ಹೋಗಿ ವಿಚಾರಿಸಿದೆವು. ಕವಡೆ ಹಾಕುವವರೊಬ್ಬರು ಕಣ್ಣು ಮುಚ್ಚಿಕೊಂಡು, “ಬದುಕವ್ರೆ, ನೀರಿನ ಹತ್ರ ಅವ್ರೆ” ಎಂದರು. ನಾನು ತುಮಕೂರಿನ ಹೈಸ್ಕೂಲೊಂದರಲ್ಲಿ ವಿಜ್ಞಾನ ಪಾಠ ಮಾಡುವವಳು. ಕೆರೆ, ಬಾವಿ, ಬೋರ್‌ವೆಲ್ಲು, ನಲ್ಲಿ ಯಾವುದೂ ಇಲ್ಲದ ಕಡೆ ಯಾವ ನರಮನುಷ್ಯ ಬದುಕುತ್ತಾನೆ ಎಂದು ಅಲ್ಲೇ ಜಗಳ ತೆಗೆದೆ. ಅಕ್ಕ ಮಾತ್ರ ಆ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡವಳಂತೆ ಮನೆಗೆ ತಂದಳು.

ಗಂಡ ಸತ್ತ ಹೆಂಗಸಿಗೆ ನಮ್ಮ ಕಡೆ ಒಂದು ಜಾಗ ಇದೆ. ಅದು ಒಳ್ಳೆಯ ಜಾಗವಲ್ಲ, ಆದರೂ ಜಾಗ. ಕಾಣೆಯಾದವನ ಹೆಂಡತಿಗೆ ಅದೂ ಇಲ್ಲ. ನಾಮಕರಣದ ಮನೆಯಲ್ಲಿ ಅರಿಸಿನ ಕುಂಕುಮದ ತಟ್ಟೆ ಸಾಲಿನಲ್ಲಿ ಬರುತ್ತಾ ಬರುತ್ತಾ ಅಕ್ಕನ ಮುಂದೆ ಸುಮ್ಮನೆ ಒಂದು ಗಳಿಗೆ ನಿಲ್ಲುತ್ತಿತ್ತು. ಕೊಡುವವಳು ಅತ್ತ ಇತ್ತ ನೋಡುತ್ತಿದ್ದಳು. ಅಕ್ಕ ತಾನೇ ಕೈ ಹಾಕಿ ತೆಗೆದುಕೊಂಡು ಹಣೆಗೆ ಇಟ್ಟುಕೊಳ್ಳುತ್ತಿದ್ದಳು. ವರ್ಷ ಕಳೆದಂತೆ ಆ ಬೊಟ್ಟು ದೊಡ್ಡದಾಗುತ್ತಾ ಹೋಯಿತು. ನನಗೆ ಅದನ್ನು ನೋಡಿದರೆ ಸಂಕಟವೂ ಆಗುತ್ತಿತ್ತು, ರೇಗುತ್ತಲೂ ಇತ್ತು.

ಹೀಗಿರುವಾಗ ಅಕ್ಕನ ಮಗಳಿಗೆ ಕುಣಿಗಲ್ಲಿನ ಸಂಬಂಧ ಕುದುರಿತು. ಧಾರೆ ಎರೆಯುವವರು ಯಾರು ಎಂಬ ಮಾತು ಬಂದಾಗ ಹಿರಿಯರು ಅಕ್ಕನನ್ನು ಕೇಳದೆಯೇ, ಚಿಕ್ಕಮ್ಮ ಚಿಕ್ಕಪ್ಪ ಎರೆಯಲಿ ಎಂದು ನನ್ನನ್ನೂ ನನ್ನ ಯಜಮಾನರನ್ನೂ ಗೊತ್ತು ಮಾಡಿದರು. ಅಕ್ಕ ಅವರಿಗೆಲ್ಲ ಕಾಫಿ ಕೊಟ್ಟು ಕಳಿಸಿದಳು. ಆಮೇಲೆ ಅಡುಗೆಮನೆಯಲ್ಲಿ ನನ್ನ ಕೈ ಹಿಡಿದುಕೊಂಡಳು.

“ಅವ್ರು ಸಿಕ್ಕುದ್ರೆ ನಾವಿಬ್ರೇ ಎರೀತೀವಿ ಕಣೇ. ಇಲ್ಲ, ಸತ್ತೋಗವ್ರೆ ಅಂತ ಗೊತ್ತಾದ್ರೆ ನೀನೇ ಎರಿ, ನಾನು ಹಿಂದ್ಗಡೆ ಕೂತ್ಕತೀನಿ. ಏನೂ ಗೊತ್ತಿಲ್ದೆ ಹೆಂಗೇ ಬುಟ್ಕೊಡ್ಲಿ?”

ಅಷ್ಟೇ ಅವಳಿಗೆ ಬೇಕಾಗಿದ್ದು. ಗಂಡ ಬೇಕು ಎಂದು ಕೂಡ ಕೇಳುವುದನ್ನು ಬಿಟ್ಟಿದ್ದಳು. ಇದ್ದಾರೋ ಇಲ್ಲವೋ, ಮಗಳ ಮದುವೆಯ ಒಳಗೆ ಅದೊಂದು ಗೊತ್ತಾದರೆ ಸಾಕಿತ್ತು.

ಆಗ ಆ ವೀಡಿಯೋ ಬಂತು. ಕಳಿಸಿದವನು ಗೂಳೂರಿನ ಲಾರಿ ಡ್ರೈವರು, ಭಾವನಿಗೆ ಹಳೆಯ ಪರಿಚಯ. ಕಡಲ ತೀರದ ಊರೊಂದರ ಎಣ್ಣೆ ಮಿಲ್ಲಿಗೆ ಲೋಡು ಹಾಕಲು ಹೋದಾಗ ಕ್ಯಾಬಿನ್ನಿನಲ್ಲೇ ಕೂತು ತೆಗೆದಿದ್ದ. ಮಿಲ್ಲಿನ ಅಂಗಳ, ಕಾಯಿಯ ರಾಶಿ, ಬೆನ್ನು ಮಾಡಿ ನಿಂತ ಒಬ್ಬ ಎತ್ತರದ ಗಂಡಸು. ಆತ ಒಂದು ಕಾಯಿ ಎತ್ತಿಕೊಂಡು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾನೆ, ಕೆಳಗಿಡುತ್ತಾನೆ, ಇನ್ನೊಂದು ಎತ್ತುತ್ತಾನೆ. ವೀಡಿಯೋದಲ್ಲಿ ಇದ್ದಿದ್ದು ಇಷ್ಟೇ.

ಅದನ್ನು ಬೇರೆ ಕಡೆಯವರು ನೋಡಿದರೆ ಏನೂ ಅನ್ನಿಸುವುದಿಲ್ಲ. ನಮಗೆ ಹಾಗಲ್ಲ. ನಮ್ಮ ಕಡೆ ಕಾಯಿ ಕೆಡವಿದ ಮೇಲೆ ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಹತ್ತಿರ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಬೇಕು, ತಿರುಳು ಚಿಪ್ಪಿನಿಂದ ಬಿಡಬೇಕು, ಆಮೇಲೆ ಸುಲಿದು ಒಡೆದರೆ ಉಂಡೆ ಕೊಬ್ಬರಿ ಇಡಿಯಾಗಿ ಬರುತ್ತದೆ. ಆಗಿದೆಯೋ ಇಲ್ಲವೋ ನೋಡಲು ಕಿವಿಯೇ ಗತಿ. ನೀರು ಕಳಕ್ ಎಂದರೆ ವಾಪಸ್ ಅಟ್ಟಕ್ಕೆ, ಗಡಗಡ ಎಂದರೆ ಅಂಗಳಕ್ಕೆ. ಕಡಲ ತೀರದಲ್ಲಿ ಈ ತಾಪತ್ರಯ ಇಲ್ಲ. ಅಲ್ಲಿ ಬಲಿತ ಕಾಯಿಯನ್ನು ಎರಡು ಹೋಳು ಮಾಡಿ ಬಿಸಿಲಿಗೆ ಹರವಿ ಗಾಣಕ್ಕೆ ಹಾಕುತ್ತಾರೆ. ಹೇಗೂ ಒಡೆಯುವ ಕಾಯಿಯನ್ನು ಒಂದೊಂದಾಗಿ ಕಿವಿಗೆ ಹಿಡಿಯುವುದು ನಮ್ಮ ಕಡೆಯವನಿಗೆ ಮಾತ್ರ ಸಾಧ್ಯ. ಡ್ರೈವರೂ ಅದನ್ನೇ ಹೇಳಿದ್ದ: “ನಾನ್ ಕೂಗ್ದೆ ಕಣಕ್ಕಾ, ತಿರುಗ್ಲಿಲ್ಲ. ಆದ್ರೆ ಆ ಕೈ ನೋಡಿ. ಅಣ್ಣನ್ದೇ ಅದು.”

ಅಕ್ಕ ಆ ಬೆನ್ನನ್ನು ಬೆರಳಿನಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದಳು. ಭಾವ ಅಟ್ಟದ ಏಣಿಯ ಮೇಲೆ ನಿಂತು ಹೀಗೆಯೇ ತಲೆ ಓರೆ ಮಾಡುತ್ತಿದ್ದರು ಎಂದಳು. ನಿಜ, ನನಗೂ ಹಾಗೇ ಕಂಡಿತು. ನಮ್ಮಿಬ್ಬರಿಗೂ ಹೊಳೆಯದೇ ಹೋಗಿದ್ದು ಒಂದೇ ವಿಷಯ. ನಮ್ಮಪ್ಪ ಹಾಗೇ ತಲೆ ಓರೆ ಮಾಡುತ್ತಿದ್ದರು, ನಮ್ಮ ಸೋದರಮಾವ ಹಾಗೇ ಮಾಡುತ್ತಾರೆ, ತಾಲೂಕಿನ ಗಂಡಸರೆಲ್ಲ ಹಾಗೇ ಮಾಡುತ್ತಾರೆ. ಒಬ್ಬನನ್ನೇ ನೆನೆಯುತ್ತಾ ಕೂತವಳಿಗೆ ಊರಿಗೆಲ್ಲ ಇರುವ ಚಾಳಿ ಅವನೊಬ್ಬನದೇ ಅನ್ನಿಸಿಬಿಡುತ್ತದೆ. ನನಗೂ ಯಾಕೆ ಹಾಗನ್ನಿಸಿತೋ, ಈಗ ಯೋಚಿಸಿದರೆ ನಗು ಬರುತ್ತದೆ. ಒಳ್ಳೆಯ ನಗುವಲ್ಲ.

ಮದುವೆ ಕೆಲಸ ಶುರುವಾದರೆ ಉಸಿರಾಡಲು ಬಿಡುವಿಲ್ಲ, ಅದಕ್ಕೆ ಮುಂಚೆ ಅಕ್ಕನಿಗೆ ಒಂದು ಸಲ ಸಮುದ್ರ ತೋರಿಸಿ ಬರ್ತೀನಿ ಎಂದು ಮನೆಯಲ್ಲಿ ಹೇಳಿದೆ. ತುಮಕೂರಿನಲ್ಲಿ ಬಸ್ಸು ಹತ್ತಿದೆವು. ಅರಸೀಕೆರೆ, ಶಿವಮೊಗ್ಗ, ಸಾಗರ ದಾಟಿ ಘಟ್ಟ ಇಳಿಯುವಾಗ ಅಕ್ಕನಿಗೆ ಎರಡು ಸಲ ವಾಂತಿಯಾಯಿತು. ಬಾಯಿ ಮುಕ್ಕಳಿಸಲು ಅವಳ ಬ್ಯಾಗಿನಿಂದ ನೀರಿನ ಬಾಟಲು ತೆಗೆಯಲು ಹೋದರೆ ಒಳಗೆ ಇಸ್ತ್ರಿ ಮಾಡಿದ ಬಿಳಿ ಪಂಚೆ, ಬಿಳಿ ಶರಟು ಇದ್ದವು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಳು ಎಂದು ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ.

ಲಾಡ್ಜು ನೋಡಿಕೊಳ್ಳುತ್ತಿದ್ದವರು ನಮ್ಮ ವಯಸ್ಸಿನವರೇ ಆದ ಒಬ್ಬ ಹೆಂಗಸು. “ಯಾವ ಬದಿಯವ್ರು ನೀವು? ದೇವಸ್ಥಾನಕ್ಕೆ ಬಂದದ್ದಾ?” ಎಂದು ಕೇಳಿದರು. ಎಣ್ಣೆ ಮಿಲ್ಲು ಎಲ್ಲಿ ಎಂದು ಅಕ್ಕ ಬಾಯಿ ಬಿಟ್ಟೇಬಿಟ್ಟಳು. ಅವರು ನಕ್ಕರು. “ನಿಮ್ಮ ಬದಿಯಲ್ಲಿ ತೆಂಗಿನೆಣ್ಣೆ ಇಲ್ವಾ? ಮಿಲ್ಲು ನಾಳೆ ಬಂದ್. ಧಣಿಗಳ ಮನೇಲಿ ಸಾವಾಗಿದೆ. ನಾಡಿದ್ದು ಹೋಗಿ, ಅಡ್ಡಿಲ್ಲ. ನಾಳೆ ಬೀಚು ನೋಡಿ.”

ಹಾಗಾಗಿ ಒಂದು ದಿನದ ಮಟ್ಟಿಗೆ ನಾವು ನಿಜವಾಗಿಯೂ ಪ್ರವಾಸಿಗಳಾದೆವು. ನೋಡುವುದಕ್ಕೆ ಅಂಥಾದ್ದೇನೂ ಇರಲಿಲ್ಲ. ಉದ್ದಕ್ಕೆ ಮರಳು, ಎಳೆದು ಹಾಕಿದ ದೋಣಿಗಳು, ಬಲೆಯ ರಾಶಿ, ತುಕ್ಕು ಹಿಡಿದ ಬೆಂಚು, ಮುಚ್ಚಿದ ಐಸ್‌ಕ್ರೀಮ್ ಅಂಗಡಿ. ಬೆಳಿಗ್ಗೆ ಎಂಟಕ್ಕೇ ಕುಪ್ಪಸ ಬೆನ್ನಿಗೆ ಅಂಟಿಕೊಂಡಿತು. ನಾವೇನೂ ಮಡಿಯವರಲ್ಲ, ಹಬ್ಬಕ್ಕೆ ಮರಿ ಕಡಿಯುವ ಮನೆಯವರು. ಆದರೂ ಅಲ್ಲಿ ಹರವಿದ್ದ ಒಣಮೀನಿನ ವಾಸನೆಗೆ ಮೂಗಿಗೆ ಸೆರಗು ಹಿಡಿದುಕೊಂಡೇ ನಡೆದೆವು. ಹೋಟೆಲಿನಲ್ಲಿ ದಪ್ಪ ಕುಚ್ಚಲಕ್ಕಿ ಅನ್ನ ಬಡಿಸಿದಾಗ ಅಕ್ಕ, ಇದು ಬೆಂದಿಲ್ಲ ಎಂದು ಒಂದೊಂದೇ ಅಗುಳು ಹಿಚುಕಿ ನೋಡಿದಳು.

ಸಮುದ್ರದ ಮುಂದೆ ಅವಳು ಬಹಳ ಹೊತ್ತು ನಿಂತಿದ್ದಳು. ಕೊನೆಗೆ ಕೇಳಿದಳು: “ಇದಕ್ಕೆ ಏರಿ ಇಲ್ವೇನೇ?”

“ಸಮುದ್ರಕ್ಕೆ ಯಾರಕ್ಕಾ ಏರಿ ಹಾಕ್ತಾರೆ?”

“ಮತ್ತೆ ಊರೊಳಕ್ಕೆ ಯಾಕೆ ನುಗ್ಗಲ್ಲ?”

ಪಾಠ ಮಾಡುವ ಚಟ ನನಗೆ. ಉಬ್ಬರ, ಇಳಿತ, ಚಂದ್ರ ಎಂದು ಶುರು ಮಾಡಿದೆ. ಅವಳು ಕೇಳುತ್ತಿರಲಿಲ್ಲ. “ನೀರಿನ ಹತ್ರ ಅಂದಿದ್ರು ಅಲ್ವಾ,” ಎಂದಳು. “ಇದೇ ನೀರು ಇರ್ಬೇಕು. ಇಷ್ಟ್ ನೀರಿದ್ರೆ ತಾನೆ ಕವಡೆಗೆ ಕಾಣೋದು.” ಎಷ್ಟೋ ವರ್ಷದ ಮೇಲೆ ಅವಳು ತಮಾಷೆ ಮಾಡಿದ್ದು ಅದು. ಅವತ್ತು ಇಡೀ ದಿನ ಅವಳ ಮಾತು ನಿಲ್ಲಲಿಲ್ಲ. ಭಾವನನ್ನು ನೋಡಿದ ಕೂಡಲೇ ಬೈಯಬೇಕೋ ಬೇಡವೋ, ಮಗಳ ಮದುವೆ ವಿಷಯ ಮೊದಲು ಹೇಳಬೇಕೋ ಆಮೇಲೋ, ಗಂಡಿನ ಕಡೆಯವರಿಗೆ ಏನೆಂದು ಹೇಳುವುದು, ಎಲ್ಲ ಲೆಕ್ಕ ಹಾಕಿದಳು. ಮಾರ್ಕೆಟ್ಟಿನಲ್ಲಿ ಅಲ್ಲಿಯವರು ಅಬ್ಬಲಿಗೆ ಎನ್ನುವ ಕನಕಾಂಬರವನ್ನು ಒಂದು ಮೊಳ ಕೊಂಡು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಳು. ಅವಳ ಸಂತೋಷ ನೋಡಿ ನನಗೆ ಹೆದರಿಕೆಯಾಯಿತು.

ಮಾರನೇ ದಿನ ಹೂವು ಮುಡಿದುಕೊಂಡು ಹೊರಟಳು. ಮಿಲ್ಲು ಊರಾಚೆ, ಹಿನ್ನೀರಿನ ದಂಡೆಯಲ್ಲಿ. ಗೇಟು ತೆರೆದೇ ಇತ್ತು. ಅಂಗಳದ ತುಂಬ ಹೋಳು ಮಾಡಿದ ಕಾಯಿ ಬಿಸಿಲಿಗೆ ಬಾಯಿ ಬಿಟ್ಟುಕೊಂಡು ಬಿದ್ದಿದ್ದವು. ರಾಶಿಯ ಪಕ್ಕ ವೀಡಿಯೋದ ಬೆನ್ನು ಹಾಗೇ ನಿಂತಿತ್ತು. ಕೈ ಕಿವಿಯ ಹತ್ತಿರ ಹೋಯಿತು, ತಲೆ ಓರೆಯಾಯಿತು. ಅಕ್ಕ ಸೆರಗು ಸರಿ ಮಾಡಿಕೊಂಡಳು. ಬೆವರಿಗೆ ಬೊಟ್ಟು ಇಳಿದಿದೆಯಾ ನೋಡು ಎಂದು ನನ್ನ ಕಡೆ ಮುಖ ತಿರುಗಿಸಿದಳು. ಇಳಿದಿತ್ತು, ನಾನೇ ಒರೆಸಿ ಸರಿ ಮಾಡಿದೆ. ಆಮೇಲೆ ಅವಳು ಹೊಸ ಮದುವಣಗಿತ್ತಿಯ ದನಿಯಲ್ಲಿ, “ರೀ,” ಎಂದು ಕರೆದಳು.

ಆತ ತಿರುಗಿದ.

ಭಾವ ಅಲ್ಲ. ಅಗಲ ಮುಖ, ಮುಂದಿನ ಒಂದು ಹಲ್ಲಿಲ್ಲ, ಗಡ್ಡ ಬೆಳ್ಳಗಾಗಿತ್ತು. ಎತ್ತರವೊಂದು ಬಿಟ್ಟರೆ ಭಾವನಿಗೂ ಆತನಿಗೂ ಯಾವ ಹೋಲಿಕೆಯೂ ಇರಲಿಲ್ಲ. ಅಕ್ಕ ಅಳಲಿಲ್ಲ. “ಅಲ್ಲ ಕಣೇ,” ಎಂದಳು, ಅಂಗಡಿಯಲ್ಲಿ ಬೇರೆ ಸೀರೆ ತೋರಿಸಿದರೆ ಹೇಳುವ ಹಾಗೆ. ನಾನು ಮಾತ್ರ ಅಲ್ಲೇ ಒಂದು ಚೀಲದ ಮೇಲೆ ಕೂತುಬಿಟ್ಟೆ.

ನಮ್ಮ ಮಾತು ಕೇಳಿದ್ದೇ ಆ ಮನುಷ್ಯನ ಮುಖದ ಬಣ್ಣ ಬದಲಾಯಿತು. ಹತ್ತಿರ ಬಂದು ತಗ್ಗಿದ ದನಿಯಲ್ಲಿ, “ಯಾರ್ ಕಳ್ಸುದ್ರು ನಿಮ್ಮನ್ನ? ನಮ್ಮನೆಯೋರಾ?” ಎಂದ. ಅಪ್ಪಟ ನಮ್ಮ ಕಡೆಯ ಮಾತು. ಯಾರೂ ಕಳಿಸಿಲ್ಲ, ನಾವು ಬೇರೆಯವರನ್ನು ಹುಡುಕುತ್ತಾ ಬಂದವರು ಎಂದೆ. ಆತ ಉಸಿರು ಬಿಟ್ಟ. ನೆರಳಿಗೆ ಕರೆದು ಕೂರಿಸಿ, ನೀರು ತಂದು ಕೊಟ್ಟ. ಊರು ಯಾವುದು ಎಂದರೆ, ಅದೊಂದು ಕೇಳಬ್ಯಾಡಿ ಎಂದ. ಆಮೇಲೆ ತಾನೇ ಕೇಳಿದ: “ಮಳೆ ಆಯ್ತಾ ನಮ್ ಕಡೆ? ರಾಗಿ ಹೆಂಗವೆ?”

ಚೆನ್ನಾಗಿವೆ ಎಂದಳು ಅಕ್ಕ. ಆಮೇಲೆ ಕೇಳಿದಳು: “ಮನೇಲಿ ಯಾರವ್ರಣ್ಣಾ?”

“ಎಲ್ಲಾ ಅವ್ರೆ. ಎಂಡ್ತಿ, ಇಬ್ರು ಮಕ್ಳು.”

“ಮತ್ಯಾಕೆ ಬುಟ್ಟು ಬಂದ್ರಿ?”

ಆತ ಯೋಚಿಸಿದ. ಸುಳ್ಳು ಹೇಳಲು ಹುಡುಕುತ್ತಿದ್ದಾನೆ ಎಂದುಕೊಂಡೆ. ಹಾಗಿರಲಿಲ್ಲ. “ನಂಗೂ ಗೊತ್ತಿಲ್ಲ ಕಣಮ್ಮ. ಒಂದಿನ ಬಸ್ ಹತ್ಬುಟ್ಟೆ. ಸಂಜಿಗೆ ವಾಪಸ್ ಹೋಗನ ಅನ್ಕಂಡಿದ್ದೆ. ಸಂಜೆಯಾಯ್ತು, ನಾಳಿಕ್ಕೆ ಹೋಗನ ಅಂದೆ. ವಾರ ಆದ್ಮೇಲೆ ಯಾವ ಮುಖ ಇಟ್ಕಂಡು ಹೋಗನ? ಹಂಗೇ ವರ್ಸ ಆಯ್ತು.”

ನನ್ನ ಸಿಟ್ಟು ನೆತ್ತಿಗೇರಿತು. ನಿನಗೆ ಮಾನ ಇದೆಯಾ, ನಿನ್ನ ಹೆಂಡತಿ ಊರಿನವರ ಮುಂದೆ ಹೇಗೆ ಬದುಕುತ್ತಿರಬಹುದು ಎಂದು ಒಂದಿಷ್ಟಾದರೂ ಯೋಚನೆ ಬಂದಿದೆಯಾ ಎಂದು ಏಕವಚನದಲ್ಲೇ ಎಗರಾಡಿದೆ. ಗಾಣದ ಸದ್ದಿನಲ್ಲಿ ನನ್ನ ಕೂಗು ಯಾರಿಗೂ ಕೇಳಿಸಲಿಲ್ಲ. ಅಕ್ಕ ನನ್ನ ತೊಡೆಯ ಮೇಲೆ ಕೈಯಿಟ್ಟು, “ಸುಮ್ಕಿರೇ, ಕೇಳ್ತಿರೋದು ನಾನು,” ಎಂದಳು.

“ಅವ್ರು ನೆನಪಾಗಲ್ವಾ ಅಣ್ಣಾ?”

“ಮೊದಮೊದ್ಲು ಆಗೋದು.”

“ಎಂಡ್ತಿ ಕಾಯ್ತಾ ಇರ್ತಾಳೆ ಅನ್ಸಲ್ವಾ?”

“ಇಲ್ಲ ಬುಡಿ,” ಆತ ಹಲ್ಲಿಲ್ಲದ ಬಾಯಲ್ಲಿ ನಕ್ಕ. “ನನ್ ತಿಥಿ ಮಾಡುದ್ರು. ಇಲ್ಲಿಯ ಹುಡುಗ್ರ ಮೊಬೈಲಲ್ಲಿ ಫೇಸ್‌ಬುಕ್ ನೋಡ್ದೆ. ನನ್ ಫೋಟೋಗೆ ಹಾರ ಹಾಕಿ, ಮಕ್ಳು ಅಕ್ಕಪಕ್ಕ ನಿಂತಿದ್ರು. ಭಾವಪೂರ್ಣ ಶ್ರದ್ಧಾಂಜಲಿ ಅಂತ ಬರೆದಿದ್ರು. ಅವತ್ತಿಂದ ನೆಮ್ದಿಯಾಗ್ ನಿದ್ದೆ ಬತ್ತದೆ.”

ನಾನು ಅಕ್ಕನ ಮುಖ ನೋಡಲಿಲ್ಲ, ನೋಡುವ ಧೈರ್ಯ ಇರಲಿಲ್ಲ. ಅವಳು ಮೊಬೈಲು ತೆಗೆದು ಭಾವನ ಫೋಟೋ ತೋರಿಸಿದಳು. ಇವರನ್ನು ಈ ಕಡೆ ಎಲ್ಲಾದರೂ ಕಂಡಿದ್ದೀರಾ ಎಂದಳು. ಆತ ಕೈಯನ್ನು ಲುಂಗಿಗೆ ಒರೆಸಿಕೊಂಡು ಫೋನು ಇಸಿದುಕೊಂಡು ಬಹಳ ಹೊತ್ತು ನೋಡಿದ.

“ಇಲ್ಲ,” ಎಂದ. ಫೋನು ವಾಪಸ್ ಕೊಡುತ್ತಾ, “ಕಂಡಿದ್ರೂ ಹೇಳ್ತಿರ್ಲಿಲ್ಲ ಕಣಮ್ಮ. ಸುಳ್ಳ್ಯಾಕೆ,” ಎಂದ. ನಾವು ಎದ್ದಾಗ ಗೇಟಿನ ತನಕ ಬಂದು, ತನ್ನನ್ನು ನೋಡಿದ್ದನ್ನು ಯಾರಿಗೂ ಹೇಳಬೇಡಿ ಎಂದು ಕೈ ಮುಗಿದ. ಅಕ್ಕ ಆಗಲಿ ಎಂದಳು. ಅದಕ್ಕೇ ಊರಿನ ಹೆಸರು ಬರೆಯುವುದಿಲ್ಲ ಎಂದಿದ್ದು.

ಮಧ್ಯಾಹ್ನದ ಬಸ್ಸಿಗೇ ಹೊರಟೆವು. ಲಾಡ್ಜಿನ ಹೆಂಗಸು, ಸೂರ್ಯ ಮುಳುಗುವುದನ್ನು ನೋಡದೆ ಹೋಗುತ್ತೀರಲ್ಲ ಎಂದು ಬೇಜಾರು ಮಾಡಿಕೊಂಡರು. ಪಂಚೆ ಶರಟು ಬ್ಯಾಗಿನ ತಳದಲ್ಲೇ ಉಳಿದವು. ಘಟ್ಟ ಹತ್ತುವಾಗ ಅಕ್ಕನಿಗೆ ಈ ಸಲ ವಾಂತಿಯಾಗಲಿಲ್ಲ. ಕಿಟಕಿಗೆ ತಲೆ ಆನಿಸಿ ಕೂತಿದ್ದಳು. ನಿದ್ದೆ ಬಂದಿದೆ ಎಂದುಕೊಂಡಿದ್ದೆ. ಸಾಗರ ಬರುವುದಕ್ಕೆ ಮುಂಚೆ ಮಾತಾಡಿದಳು.

“ಇಷ್ಟ್ ವರ್ಷ ಸತ್ತೋಗವ್ರೇನೋ ಅಂತ ಭಯ ಇತ್ತು ಕಣೇ. ಈಗ ಬದ್ಕವ್ರೇನೋ ಅಂತ ಭಯ ಆಯ್ತದೆ.”

ಎಲ್ಲರೂ ಆ ಮನುಷ್ಯನ ಹಾಗಿರುವುದಿಲ್ಲ ಎನ್ನಬಹುದಿತ್ತು. ಆದರೆ ಭಾವನೂ ಹಾಗೇ ತಟ್ಟೆಯಲ್ಲಿ ಕೈ ತೊಳೆದು ಹೊರಟವರು, ಹೋಗಿ ಬರ್ತೀನಿ ಎಂದೇ ಹೊರಟವರು. ಎಲ್ಲೋ ಒಂದು ಕಡೆ ನೆರಳಿನಲ್ಲಿ ಕೂತು, ನಾವು ಇನ್ನೂ ಅವರ ತಿಥಿ ಮಾಡಿಲ್ಲವಲ್ಲ ಎಂದು ನಿದ್ದೆಗೆಟ್ಟಿರಬಹುದು. ಅಕ್ಕನ ಕೈ ಹಿಡಿದುಕೊಂಡೆ. ತಣ್ಣಗಿತ್ತು.

ಗೊತ್ತು ಮಾಡಿಕೊಳ್ಳಲು ಹೋದವಳಿಗೆ ಏನೂ ಗೊತ್ತಾಗಲಿಲ್ಲ. ಮೊದಲಿದ್ದ ಒಂದು ಆಸರೆಯನ್ನೂ ಅಲ್ಲಿ ಬಿಟ್ಟು ಬಂದಳು. ಪ್ರವಾಸ ಹೇಗಿತ್ತು ಎಂದು ಮನೆಯಲ್ಲಿ ಕೇಳಿದಾಗ, ಸೆಖೆ ಎಂದಳು. ಆಮೇಲೆ ಲಗ್ನಪತ್ರಿಕೆ ಹಂಚಿದಳು, ಚಪ್ಪರದ ಶಾಸ್ತ್ರಕ್ಕೆ ಓಡಾಡಿದಳು, ಸೀರೆಗೆ ಕುಚ್ಚು ಕಟ್ಟಿದಳು. ಕುಂಕುಮ ಇಡುವುದನ್ನು ಬಿಡಲಿಲ್ಲ. ಆದರೆ ಕನ್ನಡಿ ನೋಡಿಕೊಳ್ಳದೆ ಇಡುತ್ತಿದ್ದಳು, ಒಂದೊಂದು ದಿನ ಬೊಟ್ಟು ಸೊಟ್ಟಗಿರುತ್ತಿತ್ತು.

ಮದುವೆ ಕುಣಿಗಲ್ಲಿನ ಛತ್ರದಲ್ಲಿ. ಮುಹೂರ್ತಕ್ಕೆ ಸ್ವಲ್ಪ ಮುಂಚೆ ನಾನೂ ನನ್ನ ಯಜಮಾನರೂ ಮಂಟಪ ಹತ್ತಿದೆವು. ಅಕ್ಕ ಕೆಳಗೆ, ಮೆಟ್ಟಿಲಿನ ಪಕ್ಕದಲ್ಲಿ ನಿಂತಿದ್ದಳು. ಗಂಡಿನ ದೊಡ್ಡತ್ತೆ, ದೂರದಿಂದ ಬಂದವರು, ಮನೆಯ ಸಂಗತಿ ತಿಳಿಯದವರು, ಅರಿಸಿನ ಕುಂಕುಮದ ತಟ್ಟೆ ಹಿಡಿದು ಹೆಂಗಸರಿಗೆಲ್ಲ ಕೊಡುತ್ತಾ ಬಂದರು. ಇವರ ತಟ್ಟೆ ತಡವರಿಸಲಿಲ್ಲ. “ಬನ್ನಿ ಬೀಗ್ತಿ, ಮೊದ್ಲು ನೀವ್ ಇಟ್ಕಳಿ,” ಎಂದು ನಗುತ್ತಾ ಅಕ್ಕನ ಹಣೆಯ ಹತ್ತಿರ ಬೆರಳು ತಂದರು.

ಅಕ್ಕ ಅವರ ಕೈ ತಡೆದಳು. ಸೆರಗಿನ ತುದಿಯಿಂದ ತನ್ನ ಹಣೆಯನ್ನು ತಾನೇ ಒರೆಸಿಕೊಂಡಳು. “ನಂಗ್ ಬ್ಯಾಡಿ,” ಎಂದಳು. “ನಮ್ಮೋರು ತೀರ್ಕಂಡವ್ರೆ.”

ಆ ಹೆಂಗಸು ಗಾಬರಿಯಾಗಿ ಯಾವಾಗ ಎಂದರು. “ಸುಮಾರ್ ದಿನ ಆಯ್ತು,” ಎಂದಳು ಅಕ್ಕ. ಶುಭ ಕಾರ್ಯದಲ್ಲಿ ಇದೆಂಥ ಮಾತು ಎಂದು ಹಿಂದಿನಿಂದ ಯಾರೋ ಗದರಿದರು. ಅಷ್ಟರಲ್ಲಿ ಪುರೋಹಿತರು ಕೈ ಮಾಡಿ, ಗಟ್ಟಿಮೇಳ ಎಂದರು.

ಮಗಳು ಮಂಟಪದಲ್ಲಿ ನನ್ನ ಎದುರಿಗೇ ಕೂತಿದ್ದಳು. ಅಪ್ಪ ಸತ್ತರೆಂದು ಅವಳ ಕಿವಿಗೆ ಬಿದ್ದದ್ದು ಆಗಲೇ. ಬಾಸಿಂಗದ ಕೆಳಗಿಂದ ನನ್ನ ಮುಖವನ್ನೇ ನೋಡಿದಳು, ನಿಜವಾ ಚಿಕ್ಕಮ್ಮ ಎಂದು ತುಟಿ ಅಲ್ಲಾಡಿಸಿದಳು. ಸುತ್ತ ಅಕ್ಷತೆ ಬೀಳುತ್ತಿತ್ತು. ನಾನು ಹೌದೆಂದು ತಲೆಯಾಡಿಸಿ, ಅವಳ ಕೈಗೆ ನೀರು ಬಿಟ್ಟೆ.